ಉಡದಾರಕ್ಕೆ ಕಟ್ಟಿದ ಊರು

ನಮ್ಮೂರ ಅಗಸಿಬಾಗಿಲ ಹೊರಗೆ, ಹಳ್ಳದ ದಂಡೆಯ ಮೇಲೆ, ಒಂದು ಕರಿಕಲ್ಲಿತ್ತು. ಬೆನ್ನುಗಳು ತಾಗಿ ತಾಗಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಹೊರೆ ಹೊತ್ತು ಬಂದವರು ಹೊರೆಯನ್ನು ಅದರ ಮೇಲಿಳಿಸಿ, ಬೆನ್ನು ಕೊಟ್ಟು ನಿಂತು, ಹೊಟ್ಟೆಯೊಳಗಿಂದ ಒಮ್ಮೆ "ಉಸ್ಸಪ್ಪಾ" ಅಂದರೆ ಸಾಕು, ಮೈಯ ಭಾರವೂ ಕಲ್ಲಿಗೆ ಇಳಿದು ಹೋಗುತ್ತಿತ್ತು. ದಣಿವು ಎಷ್ಟೋ ಭಾರ ಅಷ್ಟೇ ಇಳಿಯುವುದು. ಸುಳ್ಳು ಉಸ್ಸಪ್ಪಾ ಅಂದರೆ ಏನೂ ಇಳಿಯದು. ಕಲ್ಲಿಗೆ ಅದು ತಿಳಿಯುತ್ತಿತ್ತು. ಗೋಡೆಗೋ ಗಿಡಕ್ಕೋ ಒರಗಿ ಅಂದರೂ ಏನೂ ಆಗದು. ಮರಳಿ ಬೇಕೆನಿಸಿದಾಗ ಕಲ್ಲಿಗೆ ಅಂಗೈ ಹಚ್ಚಿ "ನಡಿ ಇನ್ನ" ಅಂದರೆ ನಮ್ಮ ಭಾರ ನಮ್ಮ ಮೈಗೆ ಬಂದು ಕೂಡುತ್ತಿತ್ತು. ಒಬ್ಬರ ಭಾರ ಇನ್ನೊಬ್ಬರಿಗೆ ಹೋದದ್ದಿಲ್ಲ.

ಇದರಲ್ಲಿ ಅಚ್ಚರಿಪಡುವಂಥದ್ದು ಏನಿದೆ ಅಂತ ನಮಗೆ ಯಾವತ್ತೂ ಅನಿಸಿರಲಿಲ್ಲ. ತುಂಬಿದ ಬಸುರಿಯರು ಮಧ್ಯಾಹ್ನದ ಹೊತ್ತು ಭಾರ ಇಳಿಸಿ, ಅರಳೆಯ ಹಾಗೆ ಓಣಿ ಸುತ್ತಿ, ಹೊತ್ತು ಮುಳುಗುವ ಮೊದಲು ಮರಳಿ ತೆಗೆದುಕೊಳ್ಳುತ್ತಿದ್ದರು. ನಾನು ಸಂತೆಗೆ ಹೋಗುವಾಗ ಅರ್ಧ ಭಾರ ಅಲ್ಲಿಟ್ಟು ಹೋಗುತ್ತಿದ್ದೆ. ಎಮ್ಮೆಗಳು ಮೈ ತಿಕ್ಕಿಕೊಳ್ಳಲು ಬಂದು, ಮೂಗಿನಲ್ಲಿ ಉದ್ದಕ್ಕೆ ಉಸಿರು ಬಿಟ್ಟು, ಅವಕ್ಕೆ ಗೊತ್ತಿಲ್ಲದೆಯೇ ಹಗುರಾಗುತ್ತಿದ್ದವು. ಅಂಗೈ ಇಲ್ಲದ ಅವುಗಳ ಕಾಲು ಹಿಡಿದು ಕಲ್ಲಿಗೆ ಮುಟ್ಟಿಸಿ, ಅವುಗಳ ಪರವಾಗಿ "ನಡಿ ಇನ್ನ" ಅನ್ನುವುದು ದನ ಕಾಯುವವರ ನಿತ್ಯದ ಕೆಲಸವಾಗಿತ್ತು.

ಹಳ್ಳದ ಆಚೆ ದಂಡೆಯಲ್ಲಿ ಇನ್ನೊಂದು ಊರು, ಅದಕ್ಕೂ ಅಂಥದ್ದೇ ಒಂದು ಕಲ್ಲು. ಅವರು ನಮಗೆ ಹೆಣ್ಣು ಕೊಟ್ಟವರು, ನಾವು ಅವರಿಗೆ ಕೊಟ್ಟವರು. ನನ್ನ ಸೊಸೆ ಕಾಶವ್ವ ಆ ಊರಿನವಳೇ. ಹಳ್ಳ ಮಾತ್ರ ಯಾವ ಊರಿನದೂ ಆಗಿರಲಿಲ್ಲ. ಯಾವ ಕಲ್ಲು ಹೆಚ್ಚು ಭಾರವೋ ಆ ಕಡೆಗೆ ಅದು ತುಸು ವಾಲಿ ಹರಿಯುತ್ತಿತ್ತು. ಬೆಳಗ್ಗೆ ಅವರು ಹೊಲಕ್ಕೆ ಹೋಗುವಾಗ ಆ ಕಡೆ, ಮಧ್ಯಾಹ್ನ ನಾವು ಸಂತೆಗೆ ಹೋದಾಗ ಈ ಕಡೆ, ತೊಟ್ಟಿಲ ಹಾಗೆ.

ಒಂದು ಬೇಸಿಗೆಯಲ್ಲಿ ಹಳ್ಳ ಆಚೆ ಹೋದದ್ದು ಮರಳಿ ಬರಲಿಲ್ಲ. ನಮ್ಮ ಹೆಂಗಸರು ಕೊಡ ಹಿಡಿದು ನೀರಿನ ಹಿಂದೆ ನಡೆದೇ ನಡೆದರು. ಆಚೆಯವರು ತಮ್ಮ ಭಾರವನ್ನು ಮರಳಿ ತೆಗೆದುಕೊಳ್ಳುತ್ತಿಲ್ಲ ಅಂತ ಯಾರೋ ಅಂದರು. ಮೊದಲು ಹಾಗೆ ಮಾಡಿದವರು ನಾವೇ ಅಂತ ಆಚೆಯವರು ಈಗಲೂ ಅನ್ನುತ್ತಾರೆ. ಅದನ್ನು ಬಗೆಹರಿಸುವುದು ನನ್ನಿಂದಾಗದು. ನಮ್ಮ ಪರ್ವತಗೌಡರು ಅಗಸಿಯಲ್ಲಿ ಊರನ್ನು ಕೂಡಿಸಿದರು. ಗೌಡರದು ಹೆಸರಿಗೆ ತಕ್ಕ ಮೈ; ಅವರು ಕೂತರೆ ಕಟ್ಟೆಯ ಮೇಲೆ ಇನ್ನೊಬ್ಬರಿಗೆ ಜಾಗ ಇರುತ್ತಿರಲಿಲ್ಲ. "ಊರಿಗೆ ಮೊದಲು ನಾನ ಕೊಡ್ತೇನಿ" ಅಂದವರೇ ಕಲ್ಲಿಗೆ ಒರಗಿ ಎಂಥ ಉಸ್ಸಪ್ಪಾ ಹಾಕಿದರೆಂದರೆ, ಹಳ್ಳ ಒಂದೇ ನೆಗೆತಕ್ಕೆ ನಮ್ಮ ಕಡೆ ಬಂದು ಅವರ ಕಾಲು ತೋಯಿಸಿತು. ಮರುಗಳಿಗೆ ಗೌಡರು ಮಾತ್ರ ಅಲ್ಲಿರಲಿಲ್ಲ. ಅಗಸಿಯ ಕಮಾನಿಗೆ ತಲೆ ತಾಗಿಸಿಕೊಂಡು ಮೇಲೆ ತೇಲುತ್ತಿದ್ದರು. ನಗುತ್ತಿದ್ದರು. ಅವರು ನಕ್ಕದ್ದನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲೆ ಏನು ಕೇಳುತ್ತೀರಿ, ಯುದ್ಧವೇ. ಅವರು ಒಂದು ಓಣಿಯಷ್ಟು ಭಾರ ಇಳಿಸಿದರೆ ನಾವು ಎರಡು ಓಣಿಯಷ್ಟು ಇಳಿಸಿದೆವು. ನಿಜವಾಗಿ ದಣಿಯದೆ ಭಾರ ಇಳಿಯದಲ್ಲ, ಅದಕ್ಕಾಗಿ ಜನ ಬೇಕಂತಲೇ ದಣಿಯತೊಡಗಿದರು. ಗುಡ್ಡ ಹತ್ತಿ ಇಳಿದರು, ಒಣಗಿದ ಬಾವಿಯನ್ನು ಮತ್ತೆ ತೋಡಿದರು, ಗಂಡಸರು ಜೋಳ ಬೀಸಿದರು. ಬೀಸಿದ ಗಂಡಸರ ಉಸ್ಸಪ್ಪಾ ಎಲ್ಲಕ್ಕಿಂತ ಭಾರವಾಗಿತ್ತು. ಎರಡೂ ಕಲ್ಲುಗಳು ನೆಲದೊಳಗೆ ಇಳಿಯುತ್ತ ಹೋದವು, ಎರಡೂ ಊರುಗಳು ನೆಲ ಬಿಟ್ಟು ಏಳುತ್ತ ಹೋದವು.

ಹಗುರಾದವರ ಬಾಳೇ ಬೇರೆ. ಊಟದ ಪಂಕ್ತಿ ಜಂತಿಗಳ ಕೆಳಗೆ ತಲೆಕೆಳಗಾಗಿ ಕೂಡುತ್ತಿತ್ತು. ಸಾರು ಮಾತ್ರ ನೆಲದ ಕಡೆಗೇ ಬೀಳುತ್ತಿದ್ದುದರಿಂದ ಎಲ್ಲರೂ ಒಣರೊಟ್ಟಿ ತಿನ್ನುವುದನ್ನು ಕಲಿತರು. ಹಡಪದ ಸಂಗಪ್ಪ ಗಿರಾಕಿಯ ಸುತ್ತ ಹಾರಾಡಿಕೊಂಡು ಕ್ಷೌರ ಮಾಡುತ್ತಿದ್ದ. ಇಬ್ಬರೂ ತಿರುಗುತ್ತಿದ್ದುದರಿಂದ ಮೀಸೆಗಳು ಎಲ್ಲೆಂದರಲ್ಲಿ ಉಳಿಯುತ್ತಿದ್ದವು. ಎಮ್ಮೆಗಳನ್ನು ಗಾಳಿಪಟದ ಹಾಗೆ ಹಗ್ಗ ಬಿಟ್ಟು ಮೇಯಿಸುತ್ತಿದ್ದರು, ಅವು ಬೇವಿನ ಮರದ ತುದಿ ಮೇಯುವ ಚಟಕ್ಕೆ ಬಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಜನ ನಗುತ್ತಿದ್ದರು. ಜಗಳ ತೆಗೆದರೂ ಅರ್ಧಕ್ಕೆ ನಗು ಬರುತ್ತಿತ್ತು. ಯುದ್ಧದ ಸಭೆಯಲ್ಲಿ ಗೌಡರು ಹುಬ್ಬು ಗಂಟು ಹಾಕಿ "ವೈರಿಗಳು" ಅನ್ನುವಷ್ಟರಲ್ಲಿ ಅವರ ತಲೆಯ ಪಟಕಾ ಬಿಚ್ಚಿಕೊಂಡು ಒಂದು ಕಡೆ, ಅವರು ಒಂದು ಕಡೆ ಹೊರಟು, ಸಭೆ ಮುಗಿಯುತ್ತಿತ್ತು.

ಒಂದೇ ಭಯವಿತ್ತು. ಡೊಳ್ಳಿನ ಮಾಳಪ್ಪ ಹಗ್ಗ ಕಟ್ಟಿಕೊಳ್ಳದೆ ಅಂಗಳಕ್ಕೆ ಬಂದು, ಗಾಳಿಗೆ ಸಿಕ್ಕು, ಡೊಳ್ಳಿನ ಸಮೇತ ಮೇಲೆ ಹೋದವನು ಬರಲೇ ಇಲ್ಲ. ತೆಂಕಣ ಗಾಳಿ ಬೀಸಿದಾಗ ಮೋಡದ ಆಚೆ ಎಲ್ಲೋ ಡೊಳ್ಳು ಕೇಳುತ್ತಿತ್ತು. ಅವನ ಹೆಂಡತಿ ಮಾಳಿಗೆ ಹತ್ತಿ "ಉಂಡ್ಯಾ?" ಅಂತ ಕೂಗುತ್ತಿದ್ದಳು. ಡೊಳ್ಳು ಎರಡು ಪೆಟ್ಟು ಅನ್ನುತ್ತಿತ್ತು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಅದಕ್ಕೇ ಮನೆಗೊಬ್ಬರು ಭಾರ ಉಳಿಸಿಕೊಳ್ಳಲಿ ಅಂತ ತೀರ್ಮಾನವಾಯಿತು. ಅವರನ್ನು ಮನೆಯ ಗೂಟ ಅನ್ನುತ್ತಿದ್ದೆವು. ನಮ್ಮ ಮನೆಗೆ ನಾನೇ ಗೂಟ. ಮಗ ಯಮನೂರಪ್ಪನ ಹಗ್ಗವೂ ಕಾಶವ್ವನ ಹಗ್ಗವೂ ನನ್ನ ನಡುವಿಗೆ. ನಾನು ನೀರಿಗೆ ಹೋದರೆ ಇಬ್ಬರೂ ತಲೆಯ ಮೇಲೆ ಮಾತಾಡುತ್ತ ಬರುತ್ತಿದ್ದರು. ತಾಳ್ಮೆ ನನಗೆ ಹುಟ್ಟಿನಿಂದ ಬಂದದ್ದು. ಗೂಟಕ್ಕೆ ಬೇಕಾದದ್ದೂ ಅಷ್ಟೇ.

ಕಾಶವ್ವನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾಗಿತ್ತು. ಯುದ್ಧದಿಂದಾಗಿ ಅದು ತಪ್ಪಿತು. ಅವಳ ತಾಯಿ, ಅಂದರೆ ನನ್ನ ಬೀಗತಿ ಸಂಕವ್ವ, ಆಚೆ ದಂಡೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. "ಏ ಶಿವಗಂಗವ್ವಾ, ನಿಮ್ಮ ಮನಿಯಾಗ ಬಾಣಂತಿಗೆ ಬೆಲ್ಲ ಹಾಕ್ತೀರೋ, ಬರೇ ಬೆಲ್ಲದ ಹೆಸರ ಹೇಳ್ತೀರೋ?"

"ನೀನ ಬಂದ ತಿಂದ ನೋಡ ಬಾ, ಬೀಗತಿ!"

"ಬರ್ತೇನಿ ತಡಿ. ನಿಮ್ಮ ಕಲ್ಲ ಹೊತ್ಕೊಂಡ ಹೋಗಾಕ ಬರ್ತೇನಿ."

ಅವಳು ಅಂದರೆ ಅಂದ ಹಾಗೆಯೇ. ಆ ಊರಿನಲ್ಲಿ ಗೂಟಗಳ ಹೊರತು ಭಾರ ಕೊಡದವಳು ಸಂಕವ್ವ ಒಬ್ಬಳೇ. ಕೊಡುವುದಿಲ್ಲ ಅಂತ ಹಟವೇನೂ ಇರಲಿಲ್ಲ ಅವಳಿಗೆ. ಅವಳು ಹುಟ್ಟಿದಂದಿನಿಂದ ದಣಿದೆ ಅಂತ ಅಂದವಳಲ್ಲ. ಕಲ್ಲಿಗೆ ಒರಗಿಸಿದರೆ "ಯಾಕ ಒರಗಿಸ್ತೀರಿ, ನನಗ ಏನಾಗೇತಿ?" ಅಂತ ನೆಟ್ಟಗೆ ನಿಂತುಬಿಡುತ್ತಿದ್ದಳು. ಮದುವೆಯಲ್ಲಿ ನಾನು ಕಂಡಿದ್ದೆ; ಮೂರು ಹೊತ್ತು ಅಡಿಗೆಮನೆಯಲ್ಲಿ ನಿಂತು ಹೋಳಿಗೆ ಬೇಯಿಸಿ, ಕೊನೆಗೆ ಕೂತಾಗಲೂ ಗೋಡೆಗೆ ಬೆನ್ನು ತಾಗಿಸಿರಲಿಲ್ಲ.

ಕೂಸು ನಮ್ಮ ಮನೆಯಲ್ಲೇ ಹುಟ್ಟಿತು. ಹೆಣ್ಣು. ಕುಂಬಳಕಾಯಿಯ ಹಾಗೆ ತುಂಬಿದ ಮೈ. ಕಾಶವ್ವ ಜಂತಿಯಿಂದ ಕೆಳಗೆ ತೂಗುತ್ತ ಹಾಲು ಕುಡಿಸುವಾಗ ಕೂಸಿನ ಭಾರಕ್ಕೆ ತಾನೂ ನೆಲ ಮುಟ್ಟುತ್ತಿದ್ದಳು. "ಅತ್ತೀ, ಇದನ್ನ ಎತ್ಕೊಂಡಾಗ ಅಷ್ಟ ನಾನು ಮನಷ್ಯಾಳು ಅನ್ನಸ್ತೈತಿ ನೋಡ್ರಿ" ಅಂದಳು. "ಇದರ ಭಾರ ಯಾರಿಗೂ ಕೊಡಬ್ಯಾಡ್ರಿ. ಬೆಳಕಿಂಡ್ಯಾಗಿಂದ ಹೋತಂದ್ರ ಡೊಳ್ಳು ಬಾರಸಾಕೂ ಬರೂದಿಲ್ಲ ಇದಕ್ಕ." ನಗುತ್ತಲೇ ಅಂದಳು. ಕಣ್ಣಲ್ಲಿ ಮಾತ್ರ ನಗು ಇರಲಿಲ್ಲ. ಕೊಡುವುದಿಲ್ಲ ಅಂತ ನಾನು ಕೂಸಿನ ತಲೆ ಮುಟ್ಟಿ ಮಾತು ಕೊಟ್ಟೆ.

ಕೂಸು ಅಂಬೆಗಾಲು ಇಡುವ ಹೊತ್ತಿಗೆ ಎರಡೂ ಊರುಗಳಲ್ಲಿ ಗೂಟಗಳ ಹೊರತು ಯಾರೂ ಉಳಿದಿರಲಿಲ್ಲ. ಗೌಡರು ಕಿಟಕಿಯಿಂದ ತೂರಿ ಬಂದು ನಮ್ಮ ಜಂತಿ ಹಿಡಿದು ನಿಂತರು.

"ಶಿವಗಂಗವ್ವಾ, ಇನ್ನ ಗೂಟ ಕೊಡಬೇಕಾಗೇತಿ. ಇಲ್ಲಾಂದ್ರ ಕೂಸು."

"ಕೂಸಿನ ಸುದ್ದಿ ಬ್ಯಾಡ್ರಿ ಗೌಡ್ರ. ನನ್ನ ಭಾರ ಎಲ್ಲಾ ಒಯ್ರಿ."

"ಎಲ್ಲಾ?"

"ಹರೇದಾಗಿಂದು, ಮುಪ್ಪಿಂದು, ಎಲ್ಲಾ."

ಅಗಸಿಗೆ ಕಟ್ಟಿದ ಉದ್ದ ಹಗ್ಗವನ್ನು ನಡುವಿಗೆ ಬಿಗಿದುಕೊಂಡು ಹೋದೆ, ಒರಗಿದೆ. ಉಸ್ಸಪ್ಪಾ ಅಂದೆ. ಎಷ್ಟು ವರ್ಷದ್ದು ಒಳಗಿತ್ತೋ, ಬಂದೇ ಬಂತು. ಕಾಲು ನೆಲ ಬಿಟ್ಟಾಗ ನಾನು ಹುಡುಗಿಯ ಹಾಗೆ ಕಿರುಚಿದೆ. ನನ್ನ ಮನೆಯ ಮಾಳಿಗೆಯನ್ನು ಮೇಲಿಂದ ಕಂಡೆ. ಕಳೆದುಹೋದ ಹಿಟ್ಟಿನ ಸಾಣಿಗೆ ಅಲ್ಲಿತ್ತು. ಹಕ್ಕಿಗೂಡಿನೊಳಗೆ ಇಣುಕಿದೆ. ಬೇವಿನ ತುದಿಯಲ್ಲಿ ಎಮ್ಮೆಯೊಂದಕ್ಕೆ ಎದುರಾಗಿ ಇಬ್ಬರೂ ಬೆಚ್ಚಿದೆವು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಆಮೇಲೆ, ತೀರಿಹೋದ ನಮ್ಮ ಮನೆಯವರ, ಯಮನೂರಪ್ಪನ ಅಪ್ಪನ, ನೆನಪು ಬಂತು. ಅವರನ್ನು ಹೊತ್ತು ಒಯ್ದ ದಿನವೂ ಕಣ್ಣ ಮುಂದೆ ಬಂತು, ಅದಕ್ಕೂ ನಗು ಬಂತು. ನಾನು ಬಾಯಿ ಮುಚ್ಚಿಕೊಂಡೆ. ಆ ಭಾರವನ್ನೂ ಕಲ್ಲಿಗೆ ಕೊಟ್ಟೆನೆಂದು ಆಗ ತಿಳಿಯಿತು.

ಈಗ ನಮ್ಮನ್ನು ಹಿಡಿಯುವ ಗೂಟ? ಕೂಸೇ. ಮಗನ ಹಗ್ಗ, ಸೊಸೆಯ ಹಗ್ಗ, ನನ್ನ ಹಗ್ಗ, ಮೂರನ್ನೂ ಕೂಸಿನ ಉಡದಾರಕ್ಕೆ ಕಟ್ಟಿದೆವು. ಕಾಶವ್ವ ತನ್ನ ಮದುವೆಯ ಸೀರೆಯ ಸೆರಗು ಹರಿದು ಹೊಸೆದು ಮಾಡಿದ ಗಟ್ಟಿ ಉಡದಾರ. ಕೂಸು ಅಂಗಳದಲ್ಲಿ ಕೋಳಿಯ ಹಿಂದೆ ಅಂಬೆಗಾಲಿಟ್ಟರೆ ಅದರ ಹಿಂದೆ ಅಪ್ಪ, ಅವ್ವ, ಆಯಿಯಾದ ನಾನು, ಸಾಲಾಗಿ ಗಾಳಿಯಲ್ಲಿ ಹೋಗುತ್ತಿದ್ದೆವು. ಗೂಟ ಕೊಟ್ಟ ಉಳಿದ ಮನೆಗಳವರು ಗಿಡಕ್ಕೋ ಬಾಗಿಲಿಗೋ ಕಟ್ಟಿಕೊಂಡು ನಿಂತಲ್ಲೇ ನಿಂತಿದ್ದರು. ಅಡ್ಡಾಡುವ ಗೂಟ ಊರಲ್ಲಿ ನಮ್ಮದೊಂದೇ. "ತುಸು ಬಾವಿ ಕಡೆ ಹೊಂಟ್ರ ನಮ್ಮನ್ನೂ ಕಟ್ಕೋರಿ" ಅಂತ ಬೇಡುವವರು ಹೆಚ್ಚಾದರು.

ಆದರೆ ಆಚೆಯವರೂ ತಮ್ಮ ಗೂಟಗಳನ್ನೆಲ್ಲ ಒರಗಿಸಿದ್ದರು. ಒಂದು ದಿನ ಎದ್ದು ನೋಡಿದರೆ ಹಳ್ಳ ನಿಂತಿತ್ತು. ಎರಡೂ ಕಲ್ಲು ಒಂದೇ ಭಾರ. ಮೇಲಿನ ತಿರುವಿನಲ್ಲಿ ನೀರು ಗುಡ್ಡೆಗಟ್ಟಿ, ಬೀಗರ ಮನೆಯ ಬಾಗಿಲಲ್ಲಿ ಯಾರಾದರೂ ಕರೆಯಲಿ ಅಂತ ನಿಂತವರ ಹಾಗೆ ನಿಂತುಬಿಟ್ಟಿತ್ತು. ಕೆಳಗೆ ಬರೀ ಮರಳು.

ಆಚೆಯವರು ಸಂಕವ್ವನಿಂದ ಉಸ್ಸಪ್ಪಾ ಅನ್ನಿಸಲು ಹೊರಟರು. ನಮ್ಮವರು ಕೂಸಿನಿಂದ. ಕೊಡಗಳು ಒಣಗಿದ್ದವು, ಊರೆಲ್ಲ ಬಾಯಾರಿತ್ತು, ಎಲ್ಲರಿಗೂ ಎದುರಾಗಿ ನಾನೊಬ್ಬಳು ಹೇಗೆ ನಿಲ್ಲಲಿ? ಅದೂ ನಿಲ್ಲಲು ಕಾಲು ನೆಲಕ್ಕೆ ತಾಗಬೇಕಲ್ಲ. ಕೂಸನ್ನು ಕಲ್ಲಿನ ಬಳಿಗೆ ಒಯ್ದರು, ಅಂದರೆ ಮುಂದೆ ಒಂದು ಕಿತ್ತಳೆ ಹಣ್ಣು ತೂಗಿಬಿಟ್ಟು ಅಂಬೆಗಾಲಲ್ಲೇ ನಡೆಸಿದರು. ಅದರ ಹಿಂದೆ ನಾವು. ಊರವರೂ ಒಬ್ಬೊಬ್ಬರಾಗಿ ಗಿಡ ಬಿಟ್ಟು ನಮ್ಮ ಹಗ್ಗಕ್ಕೆ ತಮ್ಮ ಹಗ್ಗ ಗಂಟು ಹಾಕಿ ಬಂದರು. ಕೂಸಿನ ಬೆನ್ನನ್ನು ಕಲ್ಲಿಗೆ ಒರಗಿಸಿ ಕೂಡಿಸಿದರು.

"ಅನ್ನು ನಮ್ಮವ್ವಾ, ಉಸ್ಸ್... ಸಪ್ಪಾ" ಅಂದರು ಗೌಡರು, ತಲೆಕೆಳಗಾಗಿ.

ಕೂಸು ಅವರ ಮೀಸೆ ಹಿಡಿದು ಜಗ್ಗಿತು.

ದಣಿಯದ ಕೂಸು ಉಸ್ಸಪ್ಪಾ ಹೇಗೆ ಅಂದೀತು? ಅದನ್ನು ದಣಿಸಬೇಕು ಅಂದರು. ಸಂಗಪ್ಪ ಗಾಳಿಯಲ್ಲಿ ಲಾಗ ಹಾಕಿದ. ಕೂಸು ಕೈ ತಟ್ಟಿತು. ಹತ್ತು ಮಂದಿ ಹೆಂಗಸರು ಅದರ ಸುತ್ತ ಮೇಲೆ ಕೆಳಗೆ, ಕೈ ಕೈ ಹಿಡಿದು ಗಿರಗಿರ ತಿರುಗುತ್ತ, ಫುಗಡಿ ಆಡಿದರು. ಕೂಸು ಕೇಕೆ ಹಾಕಿತು. ಎಮ್ಮೆಯನ್ನು ಇಳಿಸಿ, ಏರಿಸಿ, ಇಳಿಸಿ ತೋರಿಸಿದರು. ಮಧ್ಯಾಹ್ನವಾಯಿತು, ಊರಿಗೆ ಊರೇ ನಾಲಿಗೆ ಹೊರಗೆ ಹಾಕಿ ಏದುತ್ತಿತ್ತು. ಕೂಸು ಇನ್ನೂ ಆಟ ಬೇಕು ಅಂತ ನೆಲ ಬಡಿಯುತ್ತಿತ್ತು. ಗೌಡರು ಸುಸ್ತಾಗಿ ಕಲ್ಲಿಗೆ ಒರಗಿ ನಿಜವಾದ ಉಸ್ಸಪ್ಪಾ ಹಾಕಿದರು. ಇಳಿಯಲು ಅವರಲ್ಲಿ ಏನೂ ಇರಲಿಲ್ಲ, ಕೊರಳ ತಾಯತವೊಂದು ಕಳಚಿ ಬಿತ್ತು.

ಆಗಲೇ ಕೂಸು ಕಣ್ಣು ತಿಕ್ಕಿಕೊಂಡಿತು.

ಎಲ್ಲರೂ ಅದರತ್ತ ಕೊರಳು ಚಾಚಿದರು. ಅದರ ತಲೆ ನಿಧಾನಕ್ಕೆ ಕಲ್ಲಿನ ಮೇಲೆ ವಾಲಿತು. ಬಾಯಿ ತೆರೆಯಿತು, ಎದೆ ತುಂಬ ಉಸಿರು ಎಳೆದುಕೊಂಡಿತು. "ಬಂತು, ಬಂತು" ಅಂತ ಗೌಡರು ಪಿಸುಗುಟ್ಟಿದರು. ಕಾಶವ್ವ ಮೇಲಿಂದ "ಅತ್ತೀ!" ಅಂತ ಚೀರಿದಳು. ಅವಳು ನಗುತ್ತಿರಲಿಲ್ಲ.

ನನ್ನ ನಡುವಿನಲ್ಲಿ ಎಲೆಅಡಿಕೆಯ ಸಂಚಿ ಇತ್ತು, ಅದರೊಳಗೆ ಹಿತ್ತಾಳೆಯ ಸುಣ್ಣದ ಡಬ್ಬಿ. ಕೂಸು ಅಳುವಾಗ ಅದನ್ನು ಉರುಳಿಸಿ ಸಮಾಧಾನ ಮಾಡುವುದು ನಮ್ಮಿಬ್ಬರ ರೂಢಿ. ಅದನ್ನು ತೆಗೆದು ಬೀಸಿ ಒಗೆದೆ. ಡಬ್ಬಿ ಕಲ್ಲಿನ ಮುಂದೆ ಬಿದ್ದು, ಠಣ್ ಠಣ್ ಅನ್ನುತ್ತ, ಬಿಸಿಲಿಗೆ ಮಿಂಚುತ್ತ, ದಂಡೆಯಿಳಿದು ಹಳ್ಳದ ಮರಳಿನೊಳಗೆ ಉರುಳಿತು. ಕೂಸಿನ ಬಾಯಿಯ ಉಸಿರು ಬಾಯಲ್ಲೇ ನಿಂತಿತು. "ಹೇ!" ಅಂದದ್ದೇ ಕಲ್ಲು ಬಿಟ್ಟು ಹೊರಟಿತು.

ಕೂಸು ಹೊರಟರೆ ಊರೇ ಹೊರಟಿತು ಅಂತ ಅರ್ಥ. ಮೊದಲು ನಾವು ಮೂವರು, ನಮ್ಮ ಹಿಂದೆ ಸಂಗಪ್ಪ, ಫುಗಡಿಯ ಹೆಂಗಸರು, ಗೌಡರು, ಎಮ್ಮೆಗಳು, ಅವರ ಹಿಂದೆ ಅವರನ್ನು ಹಿಡಿದುಕೊಂಡವರು, ಆಕಾಶದ ತುಂಬ ಹಗ್ಗಗಳ ಜಾಲ. "ತಡೀರೋ, ಎಲ್ಲಿ ಹೊಂಟೇವಿ?" ಅಂತ ಒಬ್ಬ. "ಯುದ್ಧಕ್ಕ ಹೊಂಟೇವಿ!" ಅಂತ ಗೌಡರು, ಇದು ತಮ್ಮದೇ ಅಪ್ಪಣೆ ಅನ್ನುವ ಹಾಗೆ. ಕೆಳಗೆ ದಂಡಿನ ಮುಂದಾಳು ಮೂಗು ಸುರಿಸುತ್ತ, ಜೊಲ್ಲು ಸುರಿಸುತ್ತ, ಸುಣ್ಣದ ಡಬ್ಬಿಯ ಬೆನ್ನು ಹತ್ತಿದ್ದಳು.

ಆಚೆ ದಂಡೆಯಲ್ಲಿ ಕೂಗೆದ್ದಿತು. "ದಂಡ ಬಂತಲೇ! ಮುಗಲ ತುಂಬ ಬಂತು!" ಅವರಿಗೂ ಎದುರು ಬರಲು ನಡೆದಾಡುವ ಗೂಟ ಒಂದೇ. ಊರಿಗೆ ಊರೇ ಸಂಕವ್ವನ ನಡುವಿಗೆ ಹಗ್ಗ ಬಿಗಿದುಕೊಂಡಿತು. ಅವಳು ಸೆರಗು ಸಿಕ್ಕಿಸಿ, ತಲೆಯ ಮೇಲೆ ಊರನ್ನಿಟ್ಟುಕೊಂಡು, ನೆಟ್ಟನೆಯ ಬೆನ್ನಿನಲ್ಲಿ ಹಳ್ಳಕ್ಕಿಳಿದಳು. ಅವರ ಗೌಡ ಮೇಲಿಂದ "ಎಡಕ್ಕ, ಎಡಕ್ಕ" ಅನ್ನುತ್ತಿದ್ದ. "ನೀ ಸುಮ್ಮನ ಹಾರು" ಅಂತ ಅವಳು ಗದರಿದಳು.

ಹಳ್ಳದ ನಟ್ಟನಡುವೆ ಡಬ್ಬಿ ನಿಂತಿತು. ಕೂಸು ಅದನ್ನು ಹಿಡಿಯಿತು. ಸಂಕವ್ವನ ಹೆಜ್ಜೆಯೂ ಅಲ್ಲೇ ನಿಂತಿತು.

ಮೇಲೆ ಎರಡೂ ಊರುಗಳು ಒಂದರೊಳಗೊಂದು ನುಗ್ಗಿದವು. ಹೊಡೆಯಲು ಕೈ ಬೀಸಿದವರು ತಾವೇ ಗಿರಗಿರ ತಿರುಗಿದರು. ಅವರ ಎಮ್ಮೆ ನಮ್ಮ ಹಗ್ಗದಲ್ಲಿ, ನಮ್ಮ ಸಂಗಪ್ಪ ಅವರ ಹಗ್ಗದಲ್ಲಿ. ಇಬ್ಬರು ಗೌಡರೂ ಒಂದೇ ಗಂಟಿನೊಳಗೆ ಹೊಟ್ಟೆಗೆ ಹೊಟ್ಟೆ ಹಚ್ಚಿ ಸಿಕ್ಕಿಕೊಂಡು "ಶರಣಾಗು" "ನೀ ಶರಣಾಗು" ಅನ್ನುತ್ತ ನಗು ತಡೆಯಲಾರದೆ ಅಳುತ್ತಿದ್ದರು. ಹಗ್ಗಗಳ ಆ ಬಲೆಗೆ ಗಾಳಿ ಮೇಲಿಂದ ಏನನ್ನೋ ತಂದು ದಬ್ಬೆಂದು ಬಡಿಯಿತು, ನೋಡಿದರೆ ಡೊಳ್ಳಿನ ಮಾಳಪ್ಪ. ಎದೆಯುದ್ದ ಗಡ್ಡ, ಗಡ್ಡದಲ್ಲಿ ಗುಬ್ಬಿಗೂಡು. "ಉಂಡಿಲ್ಲಾ, ಉಂಡಿಲ್ಲಾ ಅಂತ ಎರಡೆರಡ ಪೆಟ್ಟ ಹೊಡದ್ನೆಲ್ಲೇ!" ಅಂತ ಹೆಂಡತಿಗೆ ಬೈದ.

ಕೆಳಗೆ ಸಂಕವ್ವ ಮೊಮ್ಮಗಳನ್ನು ನೋಡುತ್ತಿದ್ದಳು. ಆ ತನಕ ಅವಳು ಕೂಸನ್ನು ಕಂಡಿರಲಿಲ್ಲ.

"ಇದು ನಮ್ಮ ಕಾಶವ್ವಂದ?"

"ಹೂಂ" ಅಂದೆ ಮೇಲಿಂದ. "ಬೆಲ್ಲ ಹಾಕೇವೋ ಇಲ್ಲೋ ಎತ್ತಿ ನೋಡು."

ಬಗ್ಗಿ ಎತ್ತಿಕೊಂಡಳು. ಎತ್ತಿದವಳು ಭಾರಕ್ಕೆ ತತ್ತರಿಸಿ ಮರಳಿನಲ್ಲಿ ಧೊಪ್ಪನೆ ಕೂತಳು. ಅವಳು ಕೂತ ರಭಸಕ್ಕೆ, ಎರಡು ಕಲ್ಲುಗಳ ನಡುವೆ ಸಮನಾಗಿ ನಿಂತಿದ್ದ ನೆಲ ಅಲ್ಲೇ, ನಡುವಿನಲ್ಲೇ, ತುಸು ತಗ್ಗಾಯಿತು. ಮೇಲಿನ ತಿರುವಿನಲ್ಲಿ ಕಾದು ನಿಂತ ನೀರು ಅದನ್ನೇ ನೋಡುತ್ತಿತ್ತೋ ಏನೋ. ಮೊದಲು ಒಂದು ಎಳೆ ಬಂತು, ಹಾವಿನ ಮರಿಯ ಹಾಗೆ. ಆಮೇಲೆ ಒಂದು ಹಾಸು. ಆಮೇಲೆ ಹಳ್ಳವೇ ಬಂತು, ಸಾವಕಾಶ, ಸಂಕವ್ವನ ಪಾದಕ್ಕೆ ಬಂದು, ಸುತ್ತು ಹಾಕಿ, ಎರಡೂ ಊರಿನ ನಟ್ಟನಡುವೆ ತನ್ನ ದಾರಿ ಹಿಡಿದು ಹೋಯಿತು. ಗಾಳಿಯಲ್ಲಿದ್ದವರೆಲ್ಲ ಕೇಕೆ ಹಾಕಿದರು. ಗೆದ್ದವರು ಯಾರು ಅಂತ ಕೇಳಿದರೆ ಇಬ್ಬರು ಗೌಡರೂ ಇವತ್ತಿಗೂ ಕೈ ಎತ್ತುತ್ತಾರೆ.

ನಾನು ಹಗ್ಗ ಹಿಡಿದು ಜಗ್ಗಿಕೊಂಡು ಕೆಳಗಿಳಿದೆ. ಹಾರಿಹೋಗದ ಹಾಗೆ ಬೀಗತಿಯ ಬೆನ್ನಿಗೆ ಬೆನ್ನು ಹಚ್ಚಿ, ಹಿಂದಿನಿಂದಲೇ ಅವಳ ಸೆರಗು ಹಿಡಿದು ಕೂತೆ. ಕೂಸು ಡಬ್ಬಿಯನ್ನು ಬಾಯಲ್ಲಿಟ್ಟುಕೊಂಡು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನೀರು ತಣ್ಣಗಿತ್ತು. ತಲೆಯ ಮೇಲೆ ಎರಡು ಊರುಗಳ ಗದ್ದಲ. ಸಂಕವ್ವನ ಬೆನ್ನು ಹಲಗೆಯ ಹಾಗೆ ಬಿಗಿಯಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಅದು ಮೆತ್ತಗಾಗುತ್ತ ಬಂದು, ನನ್ನ ಬೆನ್ನಿಗೆ ಒರಗಿತು. ಅವಳು ಅಂದಳು. ಸಣ್ಣಗೆ, ನನಗೊಬ್ಬಳಿಗೇ ಕೇಳುವಷ್ಟು.

"ಉಸ್ಸಪ್ಪಾ."

ಅದು ಕಲ್ಲಿಗೆ ಮಾತ್ರ ಇಳಿಯುತ್ತದೆ ಅಂತ ನಾವೆಲ್ಲ ನಂಬಿದ್ದೆವು. ನನ್ನ ಬೆನ್ನಿನಿಂದ ಏನೋ ಒಳಗೆ ಬಂತು. ಎಷ್ಟೋ ಮಂದಿಯ ಅಡಿಗೆ, ಮಗಳಿಲ್ಲದ ಮನೆ, ಎಷ್ಟೋ ಸಲ ನುಂಗಿಕೊಂಡ ಮಾತು. ಬೀಸುವ ಕಲ್ಲಿನಷ್ಟು ಭಾರ. ನನ್ನ ಪಾದಗಳು ಮರಳಿಗೆ ಊರಿದವು. ನನ್ನ ಬೆನ್ನ ಹಿಂದೆ ಬೀಗತಿ ನಿಧಾನಕ್ಕೆ ಮೇಲೇಳಬೇಕಾದವಳು ತೊಡೆಯ ಮೇಲಿನ ಕೂಸಿನಿಂದಾಗಿ ಅಲ್ಲೇ ತೂಗಾಡುತ್ತಿದ್ದಳು. ಸಣ್ಣಗೆ ನಗುವುದು ಕೇಳಿಸಿತು.

"ಏನಾರ ಅಂದ್ಯಾ, ಬೀಗತಿ?"

"ನಾ ಏನಂದೆ? ಏನೂ ಅಂದಿಲ್ಲ. ಸುಮ್ಮನ ಕೂಡು."

ಸುಮ್ಮನೆ ಕೂತೆ. ಜನ ಆಮೇಲೆ ಒಬ್ಬೊಬ್ಬರಾಗಿ ಕಲ್ಲಿಗೆ ಹೋಗಿ ತಮ್ಮ ಭಾರ ಮರಳಿ ತಂದುಕೊಂಡರು. ನಾನೂ ನನ್ನದನ್ನು ತಂದುಕೊಂಡೆ, ನಮ್ಮ ಮನೆಯವರ ನೆನಪಿನ ಭಾರವೂ ಅದರ ಜೊತೆ ಬಂತು, ಒಳ್ಳೆಯದೇ ಆಯಿತು. ಸಂಕವ್ವ ಮಾತ್ರ ತನ್ನದನ್ನು ಕೇಳಲು ಬರಲಿಲ್ಲ. ಕೇಳಿದರೆ ದಣಿದಿದ್ದೆ ಅಂತ ಒಪ್ಪಿದ ಹಾಗಾಗುತ್ತದಲ್ಲ. ಅವಳು ವಾರಕ್ಕೊಮ್ಮೆ ಮೊಮ್ಮಗಳನ್ನು ನೋಡುವ ನೆಪದಲ್ಲಿ ಹಳ್ಳದ ಮೇಲೆ ತೇಲುತ್ತ ಬರುತ್ತಾಳೆ. ನಮ್ಮ ಬೆಲ್ಲಕ್ಕೆ ಹೆಸರಿಟ್ಟು, ತೇಲುತ್ತ ಹೋಗುತ್ತಾಳೆ. ನಾನು ನನ್ನ ಭಾರದ ಮೇಲೆ ಅವಳದನ್ನೂ ಹೊತ್ತು ಅಂಗಳ ಗುಡಿಸುತ್ತೇನೆ. ನನಗೇನೂ ಅವಸರವಿಲ್ಲ.